ಮಂಗನ ಬಾಯಿಗೆ ಒರೆಸಿದ ಮೊಸರು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಕಾಡಿದ್ದು ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ಪಿಡುಗು ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು. ಪರೀಕ್ಷೆಯಲ್ಲಿ ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ರಷ್ಯಾದ ಒಂದು ಮಿದುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ. ವಿಜ್ಞಾನಿಗಳು ಅದಕ್ಕೆ ಕಾಡಿನ ಹೆಸರಿಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ಊರಿನವರು ಕಣ್ಣಿಗೆ ಕಂಡದ್ದನ್ನೇ ಹೇಳಿದರು: ಮಂಗನ ಕಾಯಿಲೆ.

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ಇಲ್ಲಿ ತಿರುವುಮುರುವಾಗಿದೆ. ಮೊಸರು ತಿಂದದ್ದು ಉಣುಗು, ಒರೆಸಿದ್ದು ಮಂಗನ ಬಾಯಿಗೆ. ವೈರಸ್ ಹೊತ್ತ ಉಣುಗು ಕಚ್ಚಿದರೆ ಮನುಷ್ಯನಂತೆ ಮಂಗವೂ ಕಾಯಿಲೆ ಬೀಳುತ್ತದೆ, ಹೆಚ್ಚಿನ ಸಲ ಮೊದಲು ಸಾಯುವುದೂ ಅದೇ.

ಕನ್ನಡದಲ್ಲಿ ಮಂಗನ ತಲೆಗೆ ಕಟ್ಟಿದ್ದು ಇದೊಂದೇ ಅಲ್ಲ. ಮಕ್ಕಳ ಕೆನ್ನೆ ಊದಿದರೆ ಮಂಗನ ಬಾವು ಎನ್ನುತ್ತೇವೆ. ಅದಕ್ಕೂ ಮಂಗಕ್ಕೂ ಸಂಬಂಧವಿಲ್ಲ. ಮಂಕಿಪಾಕ್ಸ್ ಮೊದಲು ಕಂಡದ್ದು 1958ರಲ್ಲಿ, ಕೋಪನ್‌ಹೇಗನ್‌ನ ಪ್ರಯೋಗಾಲಯದಲ್ಲಿದ್ದ ಮಂಗಗಳಲ್ಲಿ ಎಂಬ ಕಾರಣಕ್ಕೆ ಆ ಹೆಸರು ಅಂಟಿತು. ಅದರ ನಿಜವಾದ ಬೀಡು ಆಫ್ರಿಕಾದ ಇಲಿ, ಅಳಿಲಿನಂಥ ಪ್ರಾಣಿಗಳಲ್ಲಿರಬಹುದೆಂಬುದು ತಜ್ಞರ ಅಂದಾಜು.

ಊರಿನ ಹೆಸರಿಡುವುದೂ ಇಷ್ಟೇ ಎಡವಟ್ಟು. 1967ರಲ್ಲಿ ಉಗಾಂಡದಿಂದ ತರಿಸಿದ ಮಂಗಗಳ ಜೊತೆ ಕೆಲಸ ಮಾಡುತ್ತಿದ್ದ ಯುರೋಪಿನ ಪ್ರಯೋಗಾಲಯಗಳ ಸಿಬ್ಬಂದಿ ರಕ್ತಸ್ರಾವದ ಜ್ವರಕ್ಕೆ ತುತ್ತಾದರು. ರೋಗ ಫ್ರಾಂಕ್‌ಫರ್ಟ್, ಬೆಲ್‌ಗ್ರೇಡ್‌ಗಳಲ್ಲೂ ಕಂಡಿತ್ತು, ಆದರೆ ಹೆಸರಿನ ಭಾರ ಹೊತ್ತದ್ದು ಜರ್ಮನಿಯ ಮಾರ್ಬರ್ಗ್ ಪಟ್ಟಣ ಮಾತ್ರ. ಒಂಬತ್ತು ವರ್ಷಗಳ ನಂತರ ಅದರದೇ ದಾಯಾದಿ ವೈರಸ್ ಆಗಿನ ಜೈರ್ ದೇಶದ ಯಾಂಬುಕು ಹಳ್ಳಿಯಲ್ಲಿ ಕಾಣಿಸಿಕೊಂಡಾಗ ಸಂಶೋಧಕರು ಸ್ವಲ್ಪ ಯೋಚಿಸಿದರು. ಹಳ್ಳಿಗೆ ಕಳಂಕ ಬರಬಾರದೆಂದು ಆ ಪ್ರಾಂತ್ಯದ ಒಂದು ನದಿಯ ಹೆಸರು ಆರಿಸಿದರು. ಅದೇ ಎಬೋಲಾ.

ಸಾಗರ ತಾಲ್ಲೂಕಿನ ಹಂದಿಗೋಡಿಗೆ ಆ ಅದೃಷ್ಟ ಇರಲಿಲ್ಲ. 1970ರ ದಶಕದಲ್ಲಿ ಬೆಳಕಿಗೆ ಬಂದ, ಕೀಲು ಮೂಳೆಗಳನ್ನು ಊನಗೊಳಿಸುವ ವಂಶವಾಹಿ ಕಾಯಿಲೆಗೆ ಆ ಊರಿನ ಹೆಸರೇ ಗಟ್ಟಿಯಾಯಿತು. ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದೆ, ಮುಟ್ಟಿದರೆ ಹರಡುವಂಥದ್ದೂ ಅಲ್ಲ.

ಲೆಕ್ಕ ಬರೆಯುವವರಿಗೆ ಇಂಥ ಹೆಸರುಗಳು ಹಿಂದಿನಿಂದಲೂ ತಲೆನೋವು. 17ನೆಯ ಶತಮಾನದ ಲಂಡನ್ನಿನ ಸಾವಿನ ಪಟ್ಟಿಗಳಲ್ಲಿ ‘ಹಲ್ಲು’ ಕೂಡ ಸಾವಿಗೊಂದು ಕಾರಣ! ಹಲ್ಲು ಮೂಡುವ ವಯಸ್ಸಿನಲ್ಲಿ ತೀರಿಕೊಂಡ ಕೂಸುಗಳೆಲ್ಲ ಆ ಸಾಲಿಗೆ ಸೇರುತ್ತಿದ್ದವು. ಒಂದೊಂದು ಊರಿನಲ್ಲಿ ಒಂದೊಂದು ಹೆಸರಿದ್ದರೆ ಹೋಲಿಸುವುದು ಹೇಗೆ? ಫ್ರಾನ್ಸಿನ ಜಾಕ್ ಬರ್ಟಿಯೋಂ 1893ರಲ್ಲಿ ಮುಂದಿಟ್ಟ ಸಾವಿನ ಕಾರಣಗಳ ಪಟ್ಟಿ ಬೆಳೆಯುತ್ತ ಬಂದು ಇಂದಿನ ಐಸಿಡಿ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾಗಿದೆ. 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಿಂದಿನ ಆವೃತ್ತಿಯಲ್ಲಿ ನಮ್ಮ ಕೆಎಫ್‌ಡಿಗೆ ಸಿಕ್ಕ ಸಂಕೇತ ಎ98.2. ಅದರ ಹಿಂದೆ ಸೈಬೀರಿಯದ ಓಮ್ಸ್ಕ್ ಜ್ವರ, ಮುಂದೆ ಮಾರ್ಬರ್ಗ್, ಅದರಾಚೆ ಎಬೋಲಾ. ಸೊರಬದ ಕಾಡು ಕುಳಿತಿರುವ ಪಂಕ್ತಿ ಇದು.

ಸಂಕೇತ ಯಾರನ್ನೂ ನೋಯಿಸದು, ಹೆಸರು ನೋಯಿಸುತ್ತದೆ. 2009ರಲ್ಲಿ ‘ಹಂದಿ ಜ್ವರ’ ಎಂಬ ಮಾತು ಹಬ್ಬಿದ್ದೇ ತಡ, ಈಜಿಪ್ಟ್ ಸರ್ಕಾರ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಹೊರಟಿತು. ಹರಡುತ್ತಿದ್ದುದು ಮನುಷ್ಯರಿಂದ ಮನುಷ್ಯರಿಗೆ! ಇನ್ನು ಮುಂದೆ ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿ, ಕಸುಬುಗಳ ಹೆಸರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದರ ಫಲವೇ 2020ರ ಫೆಬ್ರುವರಿ 11ರಂದು ಪ್ರಕಟವಾದ ಕೋವಿಡ್-19. 2022ರ ನವೆಂಬರ್‌ನಲ್ಲಿ ಮಂಕಿಪಾಕ್ಸ್ ಕೂಡ ಎಂಪಾಕ್ಸ್ ಆಯಿತು.

ಹಾಗಾದರೆ ಮಂಗನ ಕಾಯಿಲೆಯ ಹೆಸರನ್ನೂ ಬದಲಿಸಬೇಕೆ? ಅವಸರ ಬೇಡ. ಕಾರಣ ಹೇಳುವುದರಲ್ಲಿ ಈ ಹೆಸರು ತಪ್ಪುತ್ತದೆ, ಎಚ್ಚರಿಸುವುದರಲ್ಲಿ ತಪ್ಪುವುದಿಲ್ಲ. ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳು ನೆಲಕ್ಕುದುರುತ್ತವೆ. ತರಗೆಲೆ, ಸೌದೆ ತರಲು ಅಲ್ಲಿಗೆ ಹೋದವರು ಅಪಾಯಕ್ಕೆ ಕಾಲಿಟ್ಟಂತೆ. ಎ98.2 ಎಂದರೆ ಮಲೆನಾಡಿನ ಯಾರಿಗೂ ಇದು ಹೊಳೆಯದು. ಬೇಸಿಗೆಯ ತಿಂಗಳುಗಳಲ್ಲಿ ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ.