ಕುಡಿದ ನೀರು, ಚರ್ಮದ ನೀರು

ದೇಹದೊಳಗಿನ ನೀರಿನ ಲೆಕ್ಕ ಬೇರೆ, ಚರ್ಮದ ಮೇಲ್ಪದರದ ನೀರಿನ ಲೆಕ್ಕ ಬೇರೆ. ಮೊದಲನೆಯದನ್ನು ಬಾಯಾರಿಕೆ ಮತ್ತು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಎರಡನೆಯದು ಬಹುಮಟ್ಟಿಗೆ ಸುತ್ತಲಿನ ಗಾಳಿ, ಸ್ನಾನದ ನೀರು ಮತ್ತು ಸೋಪಿನ ಕೈಯಲ್ಲಿದೆ. ಹೆಚ್ಚು ನೀರು ಕುಡಿದರೆ ಮುಖಕ್ಕೆ ಕಾಂತಿ ಬರುತ್ತದೆ ಎಂಬ ಜಾಹೀರಾತಿನ ಮಾತು ಈ ಎರಡು ಲೆಕ್ಕಗಳನ್ನು ಕಲಸಿಬಿಡುತ್ತದೆ.

ಬೆಂಗಳೂರಿನ ಉತ್ತರದಲ್ಲಿ, ಯಲಹಂಕದ ಮಗ್ಗುಲಿನ ಕೋಗಿಲಿನಂಥ ಕಡೆ ಈ ವ್ಯತ್ಯಾಸ ಮೈಮೇಲೆಯೇ ಕಾಣಿಸುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಫೆಬ್ರವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿಯ ಆರ್ದ್ರತೆ ಎಷ್ಟೋ ದಿನ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಅಂಗಿಯನ್ನು ತೊಯ್ಯಿಸುವ ಬೆವರು ಇಲ್ಲಿ ಹೊಮ್ಮಿದೊಡನೆ ಆರಿಹೋಗುತ್ತದೆ. ಬೆವರೇ ಬರಲಿಲ್ಲ ಎಂದುಕೊಳ್ಳುವ ಹೊತ್ತಿಗೆ ದೇಹ ಸಾಕಷ್ಟು ನೀರು ಕಳೆದುಕೊಂಡಿರುತ್ತದೆ. ಬೆವರನ್ನು ಬಿಟ್ಟರೂ, ಉಸಿರಿನಿಂದ ಮತ್ತು ಚರ್ಮದ ಮೂಲಕ ಕಣ್ಣಿಗೆ ಕಾಣದೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಹೊರಹೋಗುತ್ತದೆ.

70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿದೆ. ಅದರಲ್ಲಿ ಮೂರನೇ ಎರಡು ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಇದರ ಕಾವಲು ಎಷ್ಟು ಬಿಗಿ ಎಂಬುದನ್ನು ಕೇಂಬ್ರಿಜ್‌ನ ಅರ್ನೆಸ್ಟ್ ವರ್ನಿ 1947ರಲ್ಲಿ ತೋರಿಸಿದರು. ನಾಯಿಗಳ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಉಪ್ಪುನೀರು ಸೇರಿಸಿದಾಗ ಮೂತ್ರ ಕಡಿಮೆಯಾಯಿತು. ರಕ್ತದ ಸಾಂದ್ರತೆಯನ್ನು ಅಳೆಯುವ ಕೋಶಗಳು ಮಿದುಳಿನಲ್ಲೇ ಇವೆ ಎಂಬುದು ಅವರ ನಿರ್ಣಯ. ಆ ಸಾಂದ್ರತೆ ಶೇ 1ರಿಂದ 2ರಷ್ಟು ಏರಿದರೂ ಸಾಕು, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ನೀರು ಉಳಿಸಲು ಹೇಳುತ್ತದೆ, ಬಾಯಾರಿಕೆಯೂ ಹುಟ್ಟುತ್ತದೆ. ಬಾಯಾರಿದಾಗ ಕುಡಿಯುವುದು ಆರೋಗ್ಯವಂತ ವಯಸ್ಕರಿಗೆ ಬಹುತೇಕ ದಿನ ಸಾಕಾಗುವುದು ಇದರಿಂದಲೇ.

ದಿನಕ್ಕೆ ಎಂಟು ಲೋಟ ಎಂಬ ನಿಯಮಕ್ಕೆ ಅಂಥ ಆಧಾರವಿಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕೆಂದಿತು. ಅದರಲ್ಲಿ ಹೆಚ್ಚಿನದು ಊಟದಲ್ಲೇ ಇರುತ್ತದೆ ಎಂದೂ ಸೇರಿಸಿತ್ತು. ಜನ ಮೊದಲ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಮರೆತರು. ಎಂಟು ಲೋಟದ ನಿಯಮಕ್ಕೆ ಪುರಾವೆ ಹುಡುಕಿ ಹೊರಟ ಶರೀರಕ್ರಿಯಾ ವಿಜ್ಞಾನಿ ಹೈಂಜ್ ವಾಲ್ಟಿನ್, ಏನೂ ಸಿಗಲಿಲ್ಲವೆಂದು 2002ರಲ್ಲಿ ಬರೆದರು. ಬೆಂದ ಅನ್ನದಲ್ಲಿ ಸುಮಾರು ಮೂರನೇ ಎರಡು ಪಾಲು ನೀರೇ. ಸಾರು, ಮಜ್ಜಿಗೆ, ಸೌತೆಕಾಯಿಗಳಂತೂ ಹೆಚ್ಚೂಕಡಿಮೆ ನೀರೇ. ಮೂತ್ರ ತಿಳಿ ಹಳದಿ ಬಣ್ಣದಲ್ಲಿದ್ದರೆ ಲೋಟ ಎಣಿಸುವ ಅಗತ್ಯ ಬೀಳುವುದಿಲ್ಲ.

ಆದರೆ ಬಾಯಾರಿಕೆಯನ್ನಷ್ಟೇ ನಂಬಬಾರದವರೂ ಇದ್ದಾರೆ. ವಯಸ್ಸಾದವರಲ್ಲಿ ಅದು ಮಂದವಾಗುತ್ತದೆ. ಅಜ್ಜ ಅಜ್ಜಿಗೆ ಹೊತ್ತು ಹೊತ್ತಿಗೆ ನೀರು ಕೊಡಲೇಬೇಕು. ಮೂತ್ರಪಿಂಡದಲ್ಲಿ ಕಲ್ಲಾದವರು ಹೆಚ್ಚು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡ ಸೋತವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವವರು ನೀರಿನ ಜೊತೆ ಉಪ್ಪನ್ನೂ ಕಳೆದುಕೊಳ್ಳುತ್ತಾರೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ರಾಗಿ ಅಂಬಲಿ ಬಹಳ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಸೋಡಿಯಂ ಕಡಿಮೆ. ಬೆವರಿನ ಉಪ್ಪನ್ನು ಅದೊಂದೇ ತುಂಬಲಾರದು.

ಇನ್ನು ಚರ್ಮ. ಅದರ ತೀರ ಹೊರಗಿನ ಪದರ, ಕಾಗದಕ್ಕಿಂತ ತೆಳುವಾದ ಕೊಂಬುಪದರ, ಸತ್ತ ಕೋಶಗಳಿಂದಾದದ್ದು. ಅಲ್ಲಿ ರಕ್ತನಾಳಗಳಿಲ್ಲ. ಅದು ಒಣಗಿ ಬಿರಿಯುವುದು ಎಣ್ಣೆ ಇಂಗಿಹೋಗಿದ್ದರಿಂದ ಎಂದು ಬಹುಕಾಲ ನಂಬಲಾಗಿತ್ತು. 1952ರಲ್ಲಿ ಅಮೆರಿಕದ ಅರ್ವಿನ್ ಬ್ಲ್ಯಾಂಕ್ ಪ್ರಕಟಿಸಿದ ಪ್ರಯೋಗ ಸರಳತೆಯಿಂದಲೇ ಬೆರಗು ಹುಟ್ಟಿಸುತ್ತದೆ. ಅಂಗಾಲಿನ ಜಡ್ಡುಗಟ್ಟಿದ ಚರ್ಮದ ಚೂರುಗಳನ್ನು ಒಣಗಿಸಿ ಎಣ್ಣೆಯಲ್ಲಿ ನೆನೆಹಾಕಿದರೆ ಅವು ಗರಿಗರಿಯಾಗಿಯೇ ಉಳಿದವು, ಬಗ್ಗಿಸಿದರೆ ಮುರಿದವು. ನೀರಿಗೆ ಹಾಕಿದೊಡನೆ ಮೆತ್ತಗಾದವು. ಚರ್ಮವನ್ನು ಮೃದುವಾಗಿಸುವುದು ನೀರು, ಎಣ್ಣೆಯಲ್ಲ. ಎಣ್ಣೆ ಮಾಡುವುದು ಆ ನೀರು ಆರಿಹೋಗದಂತೆ ತಡೆಯುವ ಕೆಲಸ.

ಈ ಪದರ ಇಟ್ಟಿಗೆ ಗೋಡೆಯಂತೆ: ಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಆ ಗಾರೆಯ ಒಂದು ಮುಖ್ಯ ಅಂಶ ಊಟದಿಂದಲೇ ಬರಬೇಕು. ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡಿದರು. ಅವುಗಳ ಚರ್ಮ ಹೊಟ್ಟೆದ್ದಿತು. ಕೊರತೆಯಾಗಿದ್ದುದು ಲಿನೋಲೀಕ್ ಆಮ್ಲ. ಎಳ್ಳೆಣ್ಣೆಯಲ್ಲಿ ಅದು ಸುಮಾರು ಶೇ 40ರಷ್ಟಿದೆ, ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ತೀರ ಕಡಿಮೆ. ಸಂಕ್ರಾಂತಿಯ ಎಳ್ಳು ಚಳಿಗೆ ಬಿರಿದ ಮೈಗೆ ಒಳ್ಳೆಯದು ಎನ್ನುವುದರಲ್ಲಿ ಹುರುಳಿದೆ, ಆದರೆ ಹಬ್ಬದ ದಿನದ ಒಂದು ಹಿಡಿಯಿಂದ ಗೋಡೆ ಎದ್ದು ನಿಲ್ಲುವುದಿಲ್ಲ. ದಿನದಿನದ ಒಗ್ಗರಣೆಯ ಎಣ್ಣೆಯೇ ಆ ಕೆಲಸ ಮಾಡುವುದು.

ಗೋಡೆಯನ್ನು ಕೆಡಿಸುವುದು ಬಹಳ ಸಲ ಬಚ್ಚಲುಮನೆಯೇ. ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ಸ್ನಾನಕ್ಕೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಕಲ್ಲಿನ ಸೀಳುಗಳಿಂದ ಬರುವ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನಲ್ಲಿಯ ಮೂತಿಗೆ ಕಟ್ಟುವ ಬಿಳಿ ಹಕ್ಕಳೆ, ಗೀಸರಿನ ಕಾಯಿಲ್ ಮೇಲಿನ ಸುಣ್ಣದ ಪದರ ಅದರ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಜಿಗುಟು ಗಷ್ಟಾಗಿ ಮೈಗೆ ಅಂಟಿ ಕೂರುತ್ತದೆ. ನೊರೆ ಬರಲಿಲ್ಲವೆಂದು ಜನ ಇನ್ನಷ್ಟು ಉಜ್ಜುತ್ತಾರೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ 5ರ ಸುತ್ತ. ಮಾಮೂಲಿ ಸೋಪು 9ರಿಂದ 10. ಹೀಗೆ ಉಜ್ಜಿದಷ್ಟೂ ಗಾರೆಯ ಕೊಬ್ಬು ತೊಳೆದುಹೋಗುತ್ತದೆ, ಒಳಗಿನ ನೀರಿಗೆ ದಾರಿ ತೆರೆಯುತ್ತದೆ.

ಇಷ್ಟು ಗೊತ್ತಾದರೆ ಆರೈಕೆಯ ಕ್ರಮ ತಾನಾಗಿ ತಿಳಿಯುತ್ತದೆ. ಸುಡುವ ನೀರಿಗಿಂತ ಉಗುರುಬೆಚ್ಚಗಿನ ನೀರು ಮೇಲು. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಒಣಮೈಯವರು ಕೈಕಾಲಿಗೆಲ್ಲ ದಿನವೂ ತಿಕ್ಕಬೇಕಿಲ್ಲ. ಒರೆಸಿಕೊಂಡ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಅಥವಾ ಯಾವುದಾದರೂ ಸಾದಾ ಮಾಯಿಶ್ಚರೈಸರ್ ಹಚ್ಚಬೇಕು. ಪೂರಾ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ಗ್ಲಿಸರಿನ್ ಇರುವ ಕ್ರೀಮು ನೀರನ್ನು ಸೆಳೆದು ಹಿಡಿಯುತ್ತದೆ. ಒಣಹವೆಯಲ್ಲಿ ಅದರ ಮೇಲೊಂದು ಜಿಡ್ಡಿನ ಲೇಪ ಇದ್ದರೆ ಇನ್ನೂ ಒಳ್ಳೆಯದು. ಬೆಲೆಗೂ ಗುಣಕ್ಕೂ ಇಲ್ಲಿ ಅಂಥ ಸಂಬಂಧವಿಲ್ಲ.

ಹಿಮ್ಮಡಿಗೆ ಮಾತ್ರ ಹೆಚ್ಚಿನ ಗಮನ ಬೇಕು. ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ, ಕೊಂಬುಪದರವೂ ಅಲ್ಲೇ ಅತಿ ದಪ್ಪ. ಒಣಹವೆಗೆ ಮೊದಲು ಸೀಳುವುದೂ ಅದೇ. ರಾತ್ರಿ ಕಾಲನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಒರೆಸಿ, ಯೂರಿಯಾ ಇರುವ ಮುಲಾಮು ಅಥವಾ ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿದರೆ ಒಡಕು ಕ್ರಮೇಣ ಕೂಡುತ್ತದೆ. ರಕ್ತ ಬರುವ ಸೀಳು, ತುರಿಕೆಯಿಂದ ಕೆಂಪಾದ ಚರ್ಮ, ಸಕ್ಕರೆ ಕಾಯಿಲೆಯವರ ಕಾಲಿನ ಬಿರುಕು ಇವನ್ನು ಚರ್ಮವೈದ್ಯರಿಗೆ ಬೇಗ ತೋರಿಸಬೇಕು.