ಆಟದ ಪೆಟ್ಟಿಗೆಗಳ ಕಾಳಗ

ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಹುಟ್ಟಿದ ಸಣ್ಣದೊಂದು ಅಂಗಡಿ ಹೂವಿನ ಚಿತ್ರಗಳುಳ್ಳ ಇಸ್ಪೀಟೆಲೆಗಳನ್ನು ತಯಾರಿಸಿ ಮಾರುತ್ತಿತ್ತು. ನೂರು ಚಿಲ್ಲರೆ ವರ್ಷಗಳ ತರುವಾಯ ಆ ಅಂಗಡಿಯ ಸಂತಾನವೇ ರಾಯಚೂರಿನ ತೀನ್ ಕಂದೀಲಿನ ಆಸುಪಾಸಿನ ಮನೆಗಳಲ್ಲಿ ಮಕ್ಕಳ ನಿದ್ದೆಗೆಡಿಸೀತೆಂದು ಆಗ ಯಾರು ತಾನೇ ಊಹಿಸಿದ್ದಾರು? ವಿನೋದವೆಂದರೆ, ನಿಂಟೆಂಡೊ ಎಂಬ ಆ ಕಂಪೆನಿಗೆ ರಾಯಚೂರಿನಿಂದ ಒಂದು ಬಿಡಿಗಾಸೂ ಸಲ್ಲಲಿಲ್ಲ. ನಮ್ಮ ಮನೆಗಳನ್ನು ಹೊಕ್ಕದ್ದು ಅದರ ಯಂತ್ರವಲ್ಲ, ಯಂತ್ರದ ನಕಲು.

ಈಗ ಮೂವತ್ತರ ಆಚೆಗಿರುವವರಿಗೆಲ್ಲ ಆ ನಕಲು ನೆನಪಿರಲೇಬೇಕು. ಹೈದರಾಬಾದಿಗೆ ಹೋದ ಮಾಮನೋ ಕಾಕನೋ ಹಿಂದಿರುಗುವಾಗ ರಟ್ಟಿನ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇರಿಸಿಕೊಂಡು ರೈಲಿಳಿಯುತ್ತಿದ್ದ. ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ ಯಂತ್ರ, ಎರಡು ಹಿಡಿಕೆ, ಒಂದು ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ‘9999999 ಆಟಗಳು’ ಎಂಬ ಮುದ್ರೆ! ವಾಸ್ತವದಲ್ಲಿ ಇದ್ದುವು ಹತ್ತೋ ಇಪ್ಪತ್ತೋ ಆಟಗಳು. ಒಂದೇ ಆಟವನ್ನು ಬೇರೆ ಬೇರೆ ಹಂತಗಳಿಂದ ಆರಂಭಿಸಿ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿದ್ದರು. ನಮ್ಮ ದೇಶದಲ್ಲಿ ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಿಂದ ಇಂತಹ ಯಂತ್ರಗಳು ಮಾರಾಟವಾದುವು. ಅವುಗಳ ಮೂಲ, ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್. ‘ಕಾಂಟ್ರಾ’ ಆಟದಲ್ಲಿ ಮೂವತ್ತು ಜೀವಗಳನ್ನು ದೊರಕಿಸಿಕೊಡುತ್ತಿದ್ದ ‘ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ’ ಎಂಬ ಮಂತ್ರವನ್ನು ನಮ್ಮ ಓಣಿಯ ಹುಡುಗರು ಮಗ್ಗಿಗಿಂತ ಶುದ್ಧವಾಗಿ ಒಪ್ಪಿಸುತ್ತಿದ್ದರು. ಛಂದಸ್ಸಿನ ಗಣಗಳನ್ನು ಅಷ್ಟು ಶ್ರದ್ಧೆಯಿಂದ ಕಲಿಯುವ ವಿದ್ಯಾರ್ಥಿಯನ್ನು ನಾನು ಇಂದಿಗೂ ಕಂಡಿಲ್ಲ.

ಬಂದೂಕಿನ ಗುಟ್ಟು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದರೆ ಕೋಳಿ ಬೀಳುತ್ತಿತ್ತು. ಗುಂಡು ಹೊರಟಿತೆಂದೇ ನಮ್ಮ ನಂಬಿಕೆ. ನಿಜವಾಗಿ ಬಂದೂಕು ಏನನ್ನೂ ಹೊರಡಿಸುತ್ತಿರಲಿಲ್ಲ, ನೋಡುತ್ತಿತ್ತು. ಕುದುರೆ ಎಳೆದೊಡನೆ ಕಣ್ಣಿಗೆ ಕಾಣದಷ್ಟು ಸ್ವಲ್ಪ ಹೊತ್ತು ಪರದೆ ಕಪ್ಪಾಗಿ, ಕೋಳಿ ಇದ್ದ ಎಡೆಯಲ್ಲಿ ಮಾತ್ರ ಬಿಳಿಯ ಚೌಕವೊಂದು ಮಿಂಚುತ್ತಿತ್ತು. ಬಂದೂಕಿನ ನಳಿಗೆಯಲ್ಲಿದ್ದ ಬೆಳಕಿನ ಕಣ್ಣು ಆ ಚೌಕವನ್ನು ಕಂಡರೆ ಗುರಿ ತಾಕಿತೆಂದು ಲೆಕ್ಕ. ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನುಗಳಲ್ಲಷ್ಟೇ ಈ ಜಾದೂ ನಡೆಯುತ್ತದೆ. ಇಂದಿನ ಚಪ್ಪಟೆ ಪರದೆ ಚಿತ್ರವನ್ನು ತುಸು ತಡೆದು ತೋರಿಸುವುದರಿಂದ ಆ ಬಂದೂಕು ಅದರ ಮುಂದೆ ಕುರುಡು.

ಆಟಕ್ಕೆ ದೊಡ್ಡ ಶತ್ರು ವಿದ್ಯುತ್ತು. ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1985ರಿಂದಲೇ ಉಷ್ಣ ವಿದ್ಯುತ್ ಸ್ಥಾವರ ನಡೆಯುತ್ತಿದ್ದರೂ, ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಆಟ ಕೊನೆಯ ಹಂತಕ್ಕೆ ಬಂದಾಗಲೇ ಕರೆಂಟು ಹೋಗುತ್ತಿತ್ತು. ಆಡಿದ್ದನ್ನು ನೆನಪಿಡುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಪುನಃ ಮೊದಲಿನಿಂದ.

ಈ ಯಂತ್ರಗಳ ವಂಶವೃಕ್ಷದ ಬೇರು ಅಮೆರಿಕದಲ್ಲಿದೆ. ಹಿಟ್ಲರನ ಜರ್ಮನಿಯಿಂದ 1938ರಲ್ಲಿ ತಪ್ಪಿಸಿಕೊಂಡು ಬಂದ ರಾಲ್ಫ್ ಬೇರ್ ಎಂಬ ಯೆಹೂದಿ ತರುಣ ಮುಂದೆ ಎಂಜಿನಿಯರಾದ. ಸುಮ್ಮನೆ ನೋಡುವುದಕ್ಕಷ್ಟೇ ಬಳಕೆಯಾಗುತ್ತಿರುವ ಟೆಲಿವಿಷನ್ನಿನ ಮೇಲೆ ಆಡಬಾರದೇಕೆಂಬ ಯೋಚನೆಯನ್ನು 1966ರಲ್ಲಿ ಕಾಗದಕ್ಕಿಳಿಸಿದ. ಅದು 1972ರಲ್ಲಿ ‘ಒಡಿಸ್ಸಿ’ ಎಂಬ ಹೆಸರಿನಿಂದ ಅಂಗಡಿಗೆ ಬಂತು. ಅದಕ್ಕೆ ಶಬ್ದವಿರಲಿಲ್ಲ, ಬಣ್ಣವಿರಲಿಲ್ಲ. ಬಣ್ಣಕ್ಕಾಗಿ ಪಾರದರ್ಶಕ ಹಾಳೆಗಳನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಬೇಕಾಗಿತ್ತು. ಪೆಟ್ಟಿಗೆಯೊಡನೆ ದಾಳಗಳನ್ನೂ ಆಟದ ನೋಟುಗಳನ್ನೂ ಇರಿಸಿ ಕೊಡುತ್ತಿದ್ದರು: ಪಗಡೆಯ ಹಾಸಿನಿಂದ ಈ ಹೊಸ ಕೂಸು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

ಮುಂದಿನ ಹತ್ತು ವರ್ಷ ಅಟಾರಿಯ ಕಾಲ. 1977ರ ಅದರ ಯಂತ್ರದಿಂದ ಕ್ಯಾಸೆಟ್ ಬದಲಿಸಿ ಆಡುವ ಪದ್ಧತಿ ಮನೆಮಾತಾಯಿತು. ಲಾಭದ ವಾಸನೆ ಹಿಡಿದು ಕಂಡಕಂಡವರೆಲ್ಲ ಕ್ಯಾಸೆಟ್ ಮಾಡತೊಡಗಿದರು. ಒಂದು ಪ್ರಸಿದ್ಧ ಚಲನಚಿತ್ರದ ಹೆಸರಿನ ಆಟವನ್ನು ಐದಾರು ವಾರಗಳಲ್ಲಿ ಹೊಸೆದು ಮುಗಿಸಿ ಮಾರಾಟಕ್ಕಿಟ್ಟರು. ಜನ ಬೇಸತ್ತರು, 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಹೂತರೆಂಬ ಮಾತನ್ನು ಬಹಳ ದಿನ ಕಟ್ಟುಕತೆಯೆಂದೇ ತಿಳಿದಿದ್ದರು. 2014ರಲ್ಲಿ ಅಗೆದು ನೋಡಿದಾಗ ಅವು ನಿಜಕ್ಕೂ ಅಲ್ಲಿದ್ದುವು.

ಆ ಸ್ಮಶಾನದ ಮೇಲೆ ನಿಂಟೆಂಡೊ ತನ್ನ ಸಾಮ್ರಾಜ್ಯ ಕಟ್ಟಿತು. ಸೇಗಾ ಎದುರಾಳಿಯಾಯಿತು. ಆದರೆ ನಿಂಟೆಂಡೊಗೆ ನಿಜವಾದ ವೈರಿಯನ್ನು ಹುಟ್ಟಿಸಿದ್ದು ಸ್ವತಃ ನಿಂಟೆಂಡೊ! ಅದರ ಯಂತ್ರಕ್ಕೆ ಸಿ.ಡಿ. ಜೋಡಿಸುವ ಒಪ್ಪಂದ ಮಾಡಿಕೊಂಡಿದ್ದ ಸೋನಿ ಕಂಪೆನಿ 1991ರ ಜೂನ್ ತಿಂಗಳಲ್ಲಿ ಶಿಕಾಗೊ ನಗರದ ಪ್ರದರ್ಶನದಲ್ಲಿ ಹೆಮ್ಮೆಯಿಂದ ಅದನ್ನು ಸಾರಿತು. ಮಾರನೆಯ ದಿನವೇ ಅದೇ ಪ್ರದರ್ಶನದಲ್ಲಿ ನಿಂಟೆಂಡೊ, ತಾನು ಫಿಲಿಪ್ಸ್ ಕಂಪೆನಿಯ ಕೈಹಿಡಿಯುವುದಾಗಿ ಘೋಷಿಸಿತು. ತುಂಬಿದ ಸಭೆಯಲ್ಲಿ ಆದ ಅವಮಾನ ಎಂತಹ ಯುದ್ಧಗಳಿಗೆ ಕಾರಣವಾಗುತ್ತದೆಂಬುದನ್ನು ಮಹಾಭಾರತ ಓದಿದವರಿಗೆ ಹೇಳಬೇಕಾಗಿಲ್ಲ. ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಪಟ್ಟುಹಿಡಿದ. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಜಪಾನಿನಲ್ಲಿ ಬಿಡುಗಡೆಯಾಯಿತು.

ಮರುವರ್ಷ ಲಾಸ್ ಏಂಜಲೀಸಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಸೇಗಾ ತನ್ನ ಹೊಸ ಯಂತ್ರ ‘ಸ್ಯಾಟರ್ನ್’ನ ಬೆಲೆ 399 ಡಾಲರ್ ಎಂದು ಸಾರಿತು. ಬಳಿಕ ಸೋನಿಯ ಸರದಿ. ಅಧಿಕಾರಿ ಸ್ಟೀವ್ ರೇಸ್ ವೇದಿಕೆಗೆ ನಡೆದುಬಂದು, ‘299’ ಎಂಬ ಒಂದೇ ಸಂಖ್ಯೆಯನ್ನು ನುಡಿದು ಕೆಳಗಿಳಿದುಬಿಟ್ಟ. ಅಷ್ಟು ಚಿಕ್ಕ ಭಾಷಣ ಅಷ್ಟು ದೊಡ್ಡ ಕೆಲಸ ಮಾಡಿದ ನಿದರ್ಶನ ಅಪರೂಪ. 2001ರ ಜನವರಿಯಲ್ಲಿ ಸೇಗಾ ಯಂತ್ರ ತಯಾರಿಕೆಯನ್ನೇ ಕೈಬಿಡುವುದಾಗಿ ತಿಳಿಸಿತು. ಭಾರತದಲ್ಲಿ ಸೇಗಾ ಯಂತ್ರವನ್ನು 1990ರ ದಶಕದ ನಡುವೆ ಮಾರಲು ಹೊರಟದ್ದು ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವಾಲೇಸ್ ಕಂಪೆನಿ ಎಂಬುದನ್ನು ಇಲ್ಲಿ ಹೇಳದೆ ಬಿಡಲಾರೆ. ಸೇಗಾ ತೆರವು ಮಾಡಿದ ಎಡೆಗೆ ಅದೇ 2001ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಹೆಸರಿನಿಂದ ಮೈಕ್ರೋಸಾಫ್ಟ್ ಬಂದು ಕುಳಿತಿತು. ಇವರೆಲ್ಲರ ನಡುವೆ 2000ನೆಯ ಇಸವಿಯ ಎರಡನೆಯ ಪ್ಲೇಸ್ಟೇಷನ್ ಒಟ್ಟು 16 ಕೋಟಿ ಮಾರಾಟವಾಯಿತು.

ಬೆಲೆಯ ಈ ಪೈಪೋಟಿಯಲ್ಲಿ ವ್ಯಾಪಾರದ ಒಂದು ಮರ್ಮವಿದೆ. ಯಂತ್ರವನ್ನು ನಷ್ಟಕ್ಕಾದರೂ ಮಾರಿ, ಆಟಗಳಲ್ಲಿ ಲಾಭ ತೆಗೆಯುವುದು. ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ತಮಗೆ ಎಂದೂ ಲಾಭವಾಗಿಲ್ಲವೆಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಪ್ರಮಾಣಮಾಡಿ ನುಡಿದಿದ್ದಾರೆ. ಪರರು ತಯಾರಿಸಿದ ಆಟ ತಮ್ಮ ಅಂಗಡಿಯಲ್ಲಿ ಮಾರಾಟವಾದಾಗ ನೂರಕ್ಕೆ ಮೂವತ್ತರಷ್ಟು ಪಾಲು ಇವರಿಗೆ. ನಮ್ಮ ಗಂಜಿನಲ್ಲಿ ಹತ್ತಿ ಮಾರುವ ರೈತನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮಾರುವವನಿಗಿಂತ ಮಾರುಕಟ್ಟೆಯ ಬಾಗಿಲು ಕಾಯುವವನು ಸುಖಿ.

ಈ ಮಹಾಯುದ್ಧ ನಮ್ಮ ಕಡೆಯಲ್ಲಿ ನಡೆಯಲೇ ಇಲ್ಲ ಎನ್ನಬಹುದು. ನಕಲು ಯಂತ್ರದ ಕಾಲ ಮುಗಿಯುತ್ತಿದ್ದಂತೆ ನಾವು ನಡುವಿನ ಮೆಟ್ಟಿಲುಗಳನ್ನೆಲ್ಲ ಹಾರಿ ನೇರವಾಗಿ ಮೊಬೈಲಿಗೆ ಬಂದೆವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ದೇವದುರ್ಗ, ಮಾನ್ವಿಗಳಿಂದ ಕಾಲೇಜಿಗೆ ಬರುವ ಹುಡುಗರ ಬಸ್ ಪ್ರಯಾಣವೇ ರಣರಂಗವಾಯಿತು. ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿಯನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬೇರೆ ಹೆಸರಿನಿಂದ ಮರಳಿತು. ಹಣ ಕಟ್ಟಿ ಆಡುವ ಆಟಗಳ ಕತೆ ಬೇರೆ. ಅವನ್ನು ತಡೆಯಲು ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅವನ್ನು ನಿಷೇಧಿಸುವ ಕಾಯಿದೆ ಮಾಡಿತು. ತಾಯಿತಂದೆಯರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನ್ನ ವಿನಂತಿ. ಕಾಂಟ್ರಾ ಆಡಿ ಕೆಟ್ಟವರು ಪರೀಕ್ಷೆಯಲ್ಲಿ ಕೆಲವು ಅಂಕಗಳನ್ನು ಕಳೆದುಕೊಂಡರು. ಜೂಜಿನವರು ಕಳೆದುಕೊಂಡದ್ದು ಹೊಲಮನೆ.

ಇತ್ತೀಚೆಗೆ ನನ್ನ ಸಹೋದ್ಯೋಗಿಯೊಬ್ಬರು, “ಮಗ ಬಹಳ ಗಂಟುಬಿದ್ದಾನ್ರಿ ಸರ್, ಡಿಸ್ಕ್ ಇರೋದು ತೊಗೊಳ್ಳಲೋ, ಇಲ್ಲದ್ದು ತೊಗೊಳ್ಳಲೋ?” ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಐದನೆಯ ಪ್ಲೇಸ್ಟೇಷನ್ 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಅದರ ದೊಡ್ಡ ಆಟವೊಂದಕ್ಕೆ 4,999. ಡಿಸ್ಕ್ ಹಾಕಲು ಬಾಯಿಯೇ ಇಲ್ಲದ ಇನ್ನೊಂದು ಮಾದರಿ ಕಡಿಮೆ ಬೆಲೆಗೆ ಸಿಕ್ಕುತ್ತದೆ. ಅದಕ್ಕೆ ಆಟಗಳು ಅಂತರ್ಜಾಲದಿಂದಲೇ ಇಳಿಯಬೇಕು. ಡಿಸ್ಕ್ ಉಳ್ಳದ್ದನ್ನೇ ಕೊಳ್ಳಿರೆಂದು ಹೇಳಿದೆ. ನಮ್ಮ ಬಾಲ್ಯದಲ್ಲಿ ರಾಯಚೂರಿನಲ್ಲಿ ಆಡಿ ಮುಗಿಸಿದ ಕ್ಯಾಸೆಟ್ ಬೇಸಿಗೆ ರಜೆಗೆ ಮಾನ್ವಿಯ ಅತ್ತೆಯ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಅವರ ಓಣಿಗೆ, ಮತ್ತೆಲ್ಲಿಗೋ. ಸೈಕಲ್ಲು, ಪಠ್ಯಪುಸ್ತಕ, ಸ್ವೆಟರು ಇದ್ದಂತೆ ಅದೂ ಕೈಯಿಂದ ಕೈಗೆ ಸಾಗುವ ಒಡವೆ. ಗಾಳಿಯಲ್ಲಿ ಇಳಿದುಬಂದ ಆಟವನ್ನು ಮಾರುವಂತಿಲ್ಲ, ತಂಗಿಯ ಮಗನಿಗೆ ಕೊಡುವಂತೆಯೂ ಇಲ್ಲ. ನಾವು ಕೊಂಡದ್ದು ಆಟವಲ್ಲ, ಆಡುವ ಅಪ್ಪಣೆ ಮಾತ್ರ. ಯೂಬಿಸಾಫ್ಟ್ ಕಂಪೆನಿ ‘ದಿ ಕ್ರ್ಯೂ’ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರ ಡಿಸ್ಕುಗಳೂ ನಿಷ್ಪ್ರಯೋಜಕವಾದುವು. ಇದರಿಂದೆದ್ದ ಚಳವಳಿಯ ಮನವಿಗೆ ಯೂರೋಪಿನಲ್ಲಿ 2025ರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಹಿಂದೆ ಇಂತಹ ಯಂತ್ರಗಳು ಹಳೆಯದಾದಂತೆ ಅಗ್ಗವಾಗುತ್ತಿದ್ದುವು. ಎರಡನೆಯ ಪ್ಲೇಸ್ಟೇಷನ್ 299 ಡಾಲರಿನಿಂದ ಆರಂಭವಾಗಿ 2009ರಲ್ಲಿ 99ಕ್ಕೆ ಇಳಿದಿತ್ತು. ಐದನೆಯದು ಅಮೆರಿಕದಲ್ಲಿ 499ರಿಂದ ಆರಂಭವಾಗಿ 2025ರ ಆಗಸ್ಟಿನಲ್ಲಿ 549ಕ್ಕೆ ಏರಿತು. ಕಾಯ್ದು ಕೊಳ್ಳುವ ಮಧ್ಯಮವರ್ಗದ ಜಾಣ್ಮೆಗೆ ಇದೊಂದು ಹೊಸ ಪೆಟ್ಟು.

ಇನ್ನು ಮುಂದೇನು? ಪೆಟ್ಟಿಗೆಗಳ ಕಾಳಗವೇ ಕಾವು ಕಳೆದುಕೊಳ್ಳುತ್ತಿದೆ. ಮೈಕ್ರೋಸಾಫ್ಟ್ 2023ರಲ್ಲಿ ಸುಮಾರು 6,900 ಕೋಟಿ ಡಾಲರ್ ಸುರಿದು ಆಕ್ಟಿವಿಷನ್ ಕಂಪೆನಿಯನ್ನು ಕೊಂಡಿತು. ಎಕ್ಸ್‌ಬಾಕ್ಸಿನ ಪಟ್ಟದಾನೆಯಂತಿದ್ದ ‘ಹೇಲೋ’ವನ್ನು ಪ್ಲೇಸ್ಟೇಷನ್ನಿಗೂ ತರುವುದಾಗಿ 2025ರ ಅಕ್ಟೋಬರಿನಲ್ಲಿ ಘೋಷಿಸಲಾಯಿತು. ಯಂತ್ರವೇ ಬೇಡ, ಆಟ ದೂರದ ಗಣಕದಲ್ಲಿ ನಡೆದು ಚಿತ್ರ ಮಾತ್ರ ನಿಮ್ಮ ಪರದೆಗೆ ಹರಿದುಬರಲಿ ಎಂಬುದು ಇನ್ನೊಂದು ವಾದ. 2019ರಲ್ಲಿ ಇದಕ್ಕೆ ಕೈಯಿಟ್ಟ ಗೂಗಲ್ಲಿನ ‘ಸ್ಟೇಡಿಯಾ’ 2023ರ ಜನವರಿಯಲ್ಲಿ ಮುಚ್ಚಿತು. ಗುಂಡಿ ಒತ್ತಿದ ಸುದ್ದಿ ಗಣಕಕ್ಕೆ ಹೋಗಿ ಚಿತ್ರ ಹಿಂದಿರುಗುವಷ್ಟರಲ್ಲಿ ತಡವಾದರೆ ಆಟ ಕೆಟ್ಟಿತು. ಕರೆ ಮಾಡಲು ಮಾಳಿಗೆ ಹತ್ತಬೇಕಾದ ಹಳ್ಳಿಗಳು ದೇವದುರ್ಗದ ಸುತ್ತಲೂ ಇರುವಾಗ ಈ ವಾದ ನನ್ನನ್ನು ಸುಲಭವಾಗಿ ಒಪ್ಪಿಸದು.

ಕನ್ನಡದ ಅಧ್ಯಾಪಕನಾದ ನನಗೆ ಇನ್ನೊಂದು ಕೊರಗುಂಟು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲೇ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯನ್ನು ಸ್ಥಾಪಿಸಿದರು. ಪರದೇಶದ ದೊಡ್ಡ ಆಟಗಳಿಗೆ ಅಲ್ಲಿ ಚಿತ್ರಕೆಲಸ ನಡೆಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪೆನಿ ಕೊಂಡಿತು. ಕೈಗಳು ನಮ್ಮವು, ಕಲೆಯೂ ಇದೆ. ಆದರೆ ನಾನು ಕಂಡ ಯಾವ ಕನ್ಸೋಲಿನಲ್ಲೂ ಭಾಷೆಗಳ ಪಟ್ಟಿಯೊಳಗೆ ಕನ್ನಡವಿಲ್ಲ. ಆಟಗಳಿಗೇನು ನಮ್ಮಲ್ಲಿ ಬರವೆ? ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಉಳಿದಿವೆ. ನಾಲ್ಕು ಹರಳು ಆಯ್ದುಕೊಂಡರೆ ಈಗಲೂ ಆಡಬಹುದು.

ಮಾನ್ವಿಯ ಕಡೆಯ ನನ್ನ ಇಬ್ಬರು ವಿದ್ಯಾರ್ಥಿಗಳು ಹುಲಿ-ಕುರಿಯ ಆಟವನ್ನು ಮೊಬೈಲಿಗೆ ಅಳವಡಿಸುವ ಯತ್ನದಲ್ಲಿದ್ದಾರೆ. ಅಕ್ಷರಗಳೆಲ್ಲ ಕನ್ನಡದಲ್ಲೇ. ಸದ್ಯಕ್ಕೆ ಪ್ರತಿಸಲವೂ ಹುಲಿಯೇ ಗೆಲ್ಲುತ್ತಿದೆಯಂತೆ. ನಿಯಮದಲ್ಲಿ ಎಲ್ಲಿಯೋ ಎಡವಟ್ಟಾಗಿದೆ. ಕುರಿಗಳ ನಡೆ ಸರಿಯಾಗಿ ಬಲ್ಲವಳು ಅವರಲ್ಲೊಬ್ಬನ ಅಜ್ಜಿ. ಆಕೆಯನ್ನು ಕೇಳಿಕೊಂಡು ಬರಲು ಬರುವ ಭಾನುವಾರ ಇಬ್ಬರೂ ಊರಿಗೆ ಹೊರಟಿದ್ದಾರೆ.