ಆನ್‌ಲೈನ್ ಪದವಿಗೆ ದುಡ್ಡು ಹೊಂದಿಸುವುದು ಹೇಗೆ?

ಪ್ರಶ್ನೆ: ಮನೆಯಲ್ಲಿ ಅನುಕೂಲ ಇಲ್ಲ. ಆನ್‌ಲೈನ್ ಪದವಿ ಓದುವವರಿಗೂ ಶುಲ್ಕದಲ್ಲಿ ನೆರವು ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಸಾಲಕ್ಕೆ ಕೈಹಾಕುವ ಮೊದಲು ವಿಶ್ವವಿದ್ಯಾಲಯವೇ ಕೊಡುವ ರಿಯಾಯಿತಿಯನ್ನು ಹುಡುಕಿ.

ಐಐಟಿ ಮದ್ರಾಸ್ 2020ರಲ್ಲಿ ಪ್ರಕಟಿಸಿದ ಡೇಟಾ ಸೈನ್ಸ್ ಪದವಿಯನ್ನೇ ನೋಡಿ. ಪಾಠ ಆನ್‌ಲೈನ್, ಮುಖ್ಯ ಪರೀಕ್ಷೆಗಳು ಮಾತ್ರ ಕೇಂದ್ರಕ್ಕೆ ಹೋಗಿ ಬರೆಯುವಂಥವು. ಕುಟುಂಬದ ಆದಾಯ, ಸಾಮಾಜಿಕ ವರ್ಗ, ಅಂಗವೈಕಲ್ಯಗಳನ್ನು ಪರಿಗಣಿಸಿ ಶುಲ್ಕದಲ್ಲಿ ಶೇ. 75ರವರೆಗೆ ವಿನಾಯಿತಿ ಇದೆ. ನನಗೆ ಇದಕ್ಕಿಂತಲೂ ದೊಡ್ಡ ಅನುಕೂಲ ಎನಿಸುವುದು ಇನ್ನೊಂದು: ಇಡೀ ಪದವಿಯ ಹಣವನ್ನು ಒಂದೇ ಸಲ ಸುರಿಯಬೇಕಿಲ್ಲ. ಆಯಾ ಅವಧಿಗೆ ಆಯ್ದುಕೊಂಡ ವಿಷಯಗಳಿಗಷ್ಟೇ ಕಟ್ಟಿದರೆ ಸಾಕು. ಕೈ ಬಿಗಿಯಾದಾಗ ಒಂದೆರಡು ವಿಷಯ ತೆಗೆದುಕೊಳ್ಳಿ. ಡಿಪ್ಲೊಮಾ ಹಂತಕ್ಕೇ ನಿಲ್ಲಿಸಿದರೂ ಪ್ರಮಾಣಪತ್ರ ಕೈಯಲ್ಲಿರುತ್ತದೆ. ಕೂಲಿಯ ಮನೆಯ ಮಕ್ಕಳಿಗೆ ಇಂಥ ಏರ್ಪಾಡು ಇನ್ನಷ್ಟು ಕಡೆ ಬರಬೇಕು.

ವಿನಾಯಿತಿಗೆ ದಾಖಲೆಯೇ ಜೀವಾಳ. ನಾಡಕಚೇರಿಯಲ್ಲಿ ಆದಾಯ, ಜಾತಿ ಪ್ರಮಾಣಪತ್ರಗಳಿಗೆ ಪ್ರವೇಶದ ಕೊನೆಯ ದಿನಕ್ಕಿಂತ ಬಹಳ ಮುಂಚೆಯೇ ಅರ್ಜಿ ಹಾಕಿ.

ಉಳಿದ ಮೊತ್ತಕ್ಕೆ ಸಾಲ ಬೇಕೆನಿಸಿದರೆ, ಆನ್‌ಲೈನ್ ಕೋರ್ಸಿಗೆ ಶೈಕ್ಷಣಿಕ ಸಾಲ ಕೊಡುತ್ತೀರಾ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಖಾಸಗಿ ಸಂಸ್ಥೆಯವರು ‘ಸುಲಭ ಕಂತು’ ಎಂದರೆ ಅದು ಹೆಚ್ಚಿನ ಸಲ ಸಾಲವೇ. ಬಡ್ಡಿ, ಮಧ್ಯದಲ್ಲಿ ಓದು ಬಿಟ್ಟರೆ ಆಗುವ ಹೊರೆ ಎರಡನ್ನೂ ಓದದೆ ಸಹಿ ಹಾಕಬೇಡಿ. ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಖಚಿತಪಡಿಸಿಕೊಳ್ಳಿ.